ಅತ್ತೆಯ ಕೈ ನಿಲ್ಲಿಸಿದ ದೆವ್ವ

ದೆವ್ವಕ್ಕೆ ಹೆದರುವವರು ದೆವ್ವದ ಕಥೆಗಳ ತಂಟೆಗೆ ಹೋಗಬಾರದು ಎಂದೇನೂ ಕಾನೂನಿಲ್ಲ. ಇದ್ದಿದ್ದರೆ ನಾನು ಎಂದೋ ಸಿಕ್ಕಿಬೀಳುತ್ತಿದ್ದೆ. ಅರಸೀಕೆರೆಯಲ್ಲಿ ಕೂತು ಹನ್ನೆರಡು ವರ್ಷದಿಂದ ದೆವ್ವದ ಕಥೆಗಳ ಸಂಕಲನ ತರುತ್ತಿದ್ದೇನೆ. ಮದುವೆಮನೆಗೆ ಹೋದರೆ, "ಇವ್ರೇ ಕಣ್ರೀ ದೆವ್ವದ ಮೇಡಂ" ಎಂದು ಪರಿಚಯಿಸುತ್ತಾರೆ. ಪಕ್ಕದ ಎಲೆಯವರು ಸ್ವಲ್ಪ ಸರಿದು ಕೂರುತ್ತಾರೆ. ಅದಕ್ಕೆ ಬೇಸರವಿಲ್ಲ. ಬೇಸರವಿದ್ದದ್ದು ಇಷ್ಟೇ: ಅಷ್ಟೂ ಸಂಕಲನಗಳಲ್ಲಿ ನನ್ನದೊಂದು ಕಥೆಯೂ ಇರಲಿಲ್ಲ.

ಕಾರಣ ನಮ್ಮತ್ತೆ. ಕಣಕಟ್ಟೆ ಕಡೆಯವರು, ಓದು ಬಾರದು. ಸಂಕಲನಕ್ಕೆ ಬಂದ ಕಥೆಗಳನ್ನೆಲ್ಲ ಅವರೆಕಾಯಿ ಕಾಲದಲ್ಲಿ ಅವರ ಮುಂದೆ ಕೂತು ಓದುತ್ತೇನೆ. ಅವರು ನೆನೆಸಿದ ಕಾಳು ಹಿದುಕಿ ಸಿಪ್ಪೆ ಬಿಡಿಸುತ್ತಿರುತ್ತಾರೆ. ಕೈ ನಿಂತರೆ ಕಥೆ ಪಾಸು, ನಿಲ್ಲದಿದ್ದರೆ 'ವಿಷಾದಿಸುತ್ತೇವೆ'. ಈ ಗುಟ್ಟು ಲೇಖಕರಿಗೆ ಗೊತ್ತಾದರೆ ನನ್ನ ಗತಿ ಅಷ್ಟೇ. ಹಳೇಬೀಡಿನ ಮೇಷ್ಟ್ರೊಬ್ಬರ ಕಥೆಗೆ ಅತ್ತೆಯ ಕೈ ಎಷ್ಟು ಹೊತ್ತು ನಿಂತಿತೆಂದರೆ, ಅವತ್ತು ಸಾರಿಗೆ ಕಾಳು ಸಾಲದೆ ಬರೀ ಚಟ್ನಿಯಲ್ಲಿ ಮುದ್ದೆ ನುಂಗಿದೆವು. ನನ್ನ ಕಥೆ ಓದಿದ ದಿನ ಮಾತ್ರ ಪಕ್ಕದ ಮನೆಗೂ ಹಂಚುವಷ್ಟು ಕಾಳು ಆಗುತ್ತಿತ್ತು.

ಈ ವರ್ಷ ಪ್ರಕಾಶಕರು ಫೋನ್ ಮಾಡಿ, "ಮೇಡಂ, ಈ ಸಲ ನಿಮ್ಮದೇ ಪುಸ್ತಕ ಮಾಡೋಣ. ಮೊದಲ್ನೇ ಕಥೆ ಮಾತ್ರ ಗಟ್ಟಿಯಾಗಿರ್ಲಿ" ಎಂದರು. ಖುಷಿಗೆ ಎರಡು ದಿನ ಊಟ ಸೇರಲಿಲ್ಲ. ಮೂರನೇ ದಿನ ಭಯಕ್ಕೆ ಸೇರಲಿಲ್ಲ. ಬಸ್ತಿಹಳ್ಳಿಯ ಬಯಲಲ್ಲಿ, ಹಾಳು ಬಾವಿಯಲ್ಲಿ ಹುಡುಕಿಟ್ಟಿದ್ದ ದೆವ್ವಗಳನ್ನೆಲ್ಲ ಬಿಟ್ಟು, ಸತ್ತ ಮೇಲೂ ಅಡುಗೆಮನೆ ಬಿಡದೆ, ಸೊಸೆ ಮಾಡಿದ ಸಾರಿಗೆ ಉಪ್ಪು ಸರಿಮಾಡಿ ಹೋಗುವ ಒಬ್ಬ ಮುದುಕಿಯ ಕಥೆ ಬರೆದೆ. ಅತ್ತೆಯ ಮುಂದೆ ಕೂತು ಓದಿದೆ. ಎರಡನೇ ಪುಟಕ್ಕೆ ಅವರ ಕೈ ನಿಂತಿತು. ಬೆರಳ ನಡುವಿನ ಕಾಳು ಕೊನೆಯ ಸಾಲಿನವರೆಗೂ ಅಲ್ಲೇ ಉಳಿಯಿತು. ಎದ್ದು ಕುಣಿಯೋಣ ಅನ್ನಿಸಿತು.

"ಇದು ನಾನೇ ಅಲ್ವೇನೇ?" ಎಂದರು ಅತ್ತೆ.

ಕುಣಿಯುವ ಆಸೆ ಅಲ್ಲಿಗೇ ಮುಗಿಯಿತು. ತಲೆ ತಗ್ಗಿಸಿ ಹೂಂ ಎಂದೆ.

"ಚೆಂದಾಗೈತೆ, ಅಚ್ಚು ಹಾಕ್ಸು. ಆದ್ರೆ ಒಂದ್ ತಪ್ಪೈತೆ. ಉಪ್ಪು ಸರಿಮಾಡ್ಬುಟ್ಟು ಸುಮ್ನೆ ಹೋಯ್ತಾಳೆ ಅಂತ ಬರ್ದಿದ್ದೀಯಲ್ಲ, ನಾನು ಅಂಗೆಲ್ಲ ಸುಮ್ನೆ ಹೋಗೋಳಲ್ಲ ಕಣೇ."

ಅವರು ಹೇಳಿದಂತೆಯೇ ತಿದ್ದಿದ್ದೇನೆ. ಪುಸ್ತಕ ಅಚ್ಚಿಗೆ ಹೋಗಿದೆ, ನನ್ನ ಹೆಸರಿನಲ್ಲೇ. ಓದುಗರು ಹೆದರುತ್ತಾರೋ ಇಲ್ಲವೋ ಕಾಣೆ. ನಾನಂತೂ ಈಗ ದಿನಾ ಸಾರಿಗೆ ಉಪ್ಪು ಹಾಕಿ ಎರಡೆರಡು ಸಲ ರುಚಿ ನೋಡುತ್ತೇನೆ, ಈಗಿನಿಂದಲೇ ಅಭ್ಯಾಸವಾಗಿರಲಿ ಎಂದು.