ಹೂಂ ಅನ್ನುವವರು ಬೇಕು

ಬಾಯಿರುವ ಮನುಷ್ಯರಿಗೆ ಮಾತಾಡಲು ಕಲಿಸುತ್ತೇನೆಂದು ಹೊರಡಲು ಸ್ವಲ್ಪ ದಪ್ಪ ಚರ್ಮ ಬೇಕು. ದೇವರ ದಯೆಯಿಂದ ನನಗದು ಧಾರಾಳವಾಗಿತ್ತು. ಎಪ್ಪತ್ತರ ದಶಕದ ಆರಂಭದಲ್ಲಿ ನಾನು ಕುರ್ಲಾದ ಚಾಳಿನಿಂದ ಎರಡು ಲೋಕಲ್ ಬದಲಿಸಿ ದಿನಾ ದಹಿಸರಿಗೆ ಹೋಗುತ್ತಿದ್ದೆ. ಅಲ್ಲಿಯ ಗುಡ್ಡದ ಮಗ್ಗುಲಲ್ಲಿ ವಾರ್ಲಿ ಆದಿವಾಸಿಗಳ ಪಾಡಾ, ಎಂದರೆ ಹಾಡಿ, ಇತ್ತು. ಅವರಿಗೆ ಅಕ್ಷರ ಕಲಿಸುತ್ತಿದ್ದ ಸಂಸ್ಥೆಯೊಂದು, ರೇಡಿಯೋದಲ್ಲಿ ಮಾತಾಡುವುದನ್ನೂ ಕಲಿಸು ಎಂದು ನನಗೆ ಹೆಣಭಾರದ ಟೇಪ್ ರೆಕಾರ್ಡರ್ ಒಂದನ್ನು ಹೊರಿಸಿತ್ತು. ಲೋಕಲ್‌ನಲ್ಲಿ ಅದನ್ನು ತೊಡೆಯ ಮೇಲಿಟ್ಟುಕೊಂಡರೆ ಪಕ್ಕದವರು ಹಾರ್ಮೋನಿಯಂ ಎಂದುಕೊಂಡು ಭಜನೆಗೆ ಒತ್ತಾಯ ಮಾಡುತ್ತಿದ್ದರು.

ನನ್ನ ವಿದ್ಯಾರ್ಥಿನಿ ಸೋಮಿಬಾಯಿ ವಯಸ್ಸಿನಲ್ಲಿ ನನ್ನ ತಾಯಿಯಷ್ಟಿದ್ದಳು. ಪಾಡಾದ ಬಾವಿಯ ದಾರಿಗೆ ಒಬ್ಬ ಕಂತ್ರಾಟುದಾರ ತಂತಿಬೇಲಿ ಬಿಗಿದಿದ್ದ. ಹೆಂಗಸರು ಕೊಡ ಹೊತ್ತು ಗುಡ್ಡ ಸುತ್ತಬೇಕಾಗಿತ್ತು. ಅರ್ಜಿ ಕೊಟ್ಟುಕೊಟ್ಟು ಸಾಕಾಗಿತ್ತು. ಈಗ ರೇಡಿಯೋದಲ್ಲಿ ಐದು ನಿಮಿಷ ಸಿಕ್ಕಿತ್ತು. ಇಡೀ ಮುಂಬಯಿಗೆ ಕೇಳುವಂತೆ ಹೇಳಿಯೇ ತೀರುತ್ತೇನೆಂದು ಆಕೆಯ ಹಠ.

ನಾನು ಮೈಕು ಮುಂದಿಟ್ಟು, ತುಟಿಯ ಮೇಲೆ ಬೆರಳಿಟ್ಟುಕೊಂಡು ಕೂತೆ. ಆಕೆ ಒಂದು ಮಾತು ಹೇಳಿ ನಿಂತುಬಿಟ್ಟಳು. ಮುಂದುವರಿಸು ಎಂದು ಕೈ ಬೀಸಿದೆ. ಜಪ್ಪಯ್ಯ ಎನ್ನಲಿಲ್ಲ. ಕೊನೆಗೆ ತನ್ನ ಮರಾಠಿಯಲ್ಲಿ, "ಮಾಸ್ತರ್, ನೀನು ಹೂಂ ಅನ್ನಬೇಕು. ಹೂಂ ಅನ್ನುವವರಿಲ್ಲದೆ ನಾವು ಕಥೆ ಹೇಳಲ್ಲ. ನಾನೇನು ಗೋಡೆಗೆ ಹೇಳ್ತಾ ಇದೀನಾ?" ಎಂದಳು. ರೆಕಾರ್ಡಿಂಗ್ ನಡೆಯುವಾಗ ಕಲಿಸುವವನು ಉಸಿರೆತ್ತಬಾರದೆಂದು ನನಗೆ ಕಲಿಸಿದ್ದರು. ಅದನ್ನು ಬದಿಗಿಟ್ಟು ಹೂಂಗುಟ್ಟಿದೆ. ಮಾತು ಎಲ್ಲೂ ತಡವರಿಸದೆ ಬಂತು.

ರೇಡಿಯೋದ ಅಧಿಕಾರಿ ಟೇಪು ಕೇಳಿ ಮುಖ ಸಿಂಡರಿಸಿದರು. ನಡುನಡುವೆ ಎಮ್ಮೆಯಂತೆ ಹೂಂಕರಿಸುವವರು ಯಾರು, ಅದನ್ನೆಲ್ಲ ಕತ್ತರಿಸಿ, ಇಲ್ಲವೇ ಆಕೆಯ ಬದಲು ನೀವೇ ಶುದ್ಧವಾಗಿ ಓದಿಬಿಡಿ ಎಂದರು. ಸುಳ್ಳೇಕೆ ಹೇಳಲಿ, ನನಗೆ ಆಸೆಯಾಯಿತು. ಅಷ್ಟರಲ್ಲಿ, ನನ್ನ ಜೊತೆ ಬಂದು ಬಾಗಿಲ ಬಳಿಯ ಬೆಂಚಿನಲ್ಲಿ ಕೂತಿದ್ದ ಸೋಮಿಬಾಯಿ ಎದ್ದಳು. "ಅವನ ಹೂಂ ತೆಗೆದರೆ ನನ್ನ ಮಾತೂ ತೆಗೀರಿ ಸಾಹೇಬ. ನಾನು ಬೇಲಿ ಹತ್ತಿರವೇ ಕೂತು ಹೇಳ್ತೀನಿ, ಹೂಂ ಅನ್ನೋಕೆ ಪಾಡಾನೇ ಇದೆ" ಎಂದು ಟೇಪ್ ರೆಕಾರ್ಡರಿನ ಪೆಟ್ಟಿಗೆ ಹೊತ್ತು ಹೊರಟೇಬಿಟ್ಟಳು. ಆಕೆಯ ಹಿಂದೆ ಓಡದಿದ್ದರೆ ನನಗೇ ನಾಚಿಕೆಯಾಗುತ್ತಿತ್ತು. "ಕತ್ತರಿಸೋದಿಲ್ಲ ಸಾರ್" ಎಂದು ನಾನೂ ಎದ್ದೆ. ಅಂದು ಸಂಜೆಯ ಐದು ನಿಮಿಷ ತುಂಬಲು ಅಧಿಕಾರಿಯ ಬಳಿ ಬೇರೇನೂ ಇರಲಿಲ್ಲ. ಹೂಂ ಸಮೇತ ಪ್ರಸಾರವಾಯಿತು.

ವಾರದಲ್ಲಿ ಕಂತ್ರಾಟುದಾರ ಬೇಲಿಯಲ್ಲಿ ಒಂದಾಳು ನುಸುಳುವಷ್ಟು ಸಂದಿ ಬಿಟ್ಟ. ಕೊಡ ಹೊತ್ತವರು ಅಡ್ಡಡ್ಡ ನಡೆಯುವುದಿಲ್ಲ, ಪೆಟ್ಟಿಗೆ ಮತ್ತೆ ತಾ ಎಂದು ಸೋಮಿಬಾಯಿ ಹೇಳಿ ಕಳಿಸಿದಳು. ಎರಡನೆಯ ಸಲದ ಪ್ರಸಾರಕ್ಕೆ ಬೇಲಿಯೇ ಹೋಯಿತು.

ನನ್ನ ಗ್ರಹಚಾರವೆಂದರೆ, ಆ ಪ್ರಸಾರವನ್ನು ನನ್ನ ಹೆಂಡತಿಯೂ ಕೇಳಿದ್ದಳು. "ಅಲ್ರೀ, ಐದು ನಿಮಿಷದಾಗ ಆಕಿಗೆ ಎಷ್ಟ್ ಹೂಂ ಅಂದ್ರಿ. ಹತ್ತು ವರ್ಷದಾಗ ನನಗ ಪೇಪರ್ ಹಿಂದಿಂದ ಒಂದರ ಬಂದೈತೇನು? ಇನ್ನ ಮ್ಯಾಲೆ ನೀವು ಹೂಂ ಅನ್ನೂತನಕ ನಾನೂ ಬಾಯಿ ಬಿಡಾಂಗಿಲ್ಲ" ಎಂದಳು. ಮೊದಲ ದಿನ ಹಾಯೆನಿಸಿತು. ಮೂರನೆಯ ದಿನ ಮನೆ ಭಣಗುಟ್ಟತೊಡಗಿತು. ಪೇಪರ್ ಮಡಚಿಟ್ಟು ಅವಳೆದುರು ಕೂತು, ಗಟ್ಟಿಯಾಗಿ ಹೂಂ ಎಂದೆ.

"ನಾ ಇನ್ನೂ ಏನೂ ಹೇಳೇ ಇಲ್ಲ" ಎಂದಳು.