ಕಾಕಾನ ರ‍್ಯಾಕೆಟ್ ಕರಾರು

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ಎಲ್ಲಿ ಬೇಕಾದರೂ ಹುಡುಕಿ. ರ‍್ಯಾಕೆಟ್ಟಿನ ಜಾಹೀರಾತಿಗೆ ಕರಾರು ಬರೆದುಕೊಂಡ ಟೆನಿಸ್ ಆಟಗಾರ ಒಬ್ಬರೇ ಸಿಗುತ್ತಾರೆ. ಅವರು ನನ್ನ ಕಾಕಾ! ಈ ಸೀಮೆಯಲ್ಲಿ ಟೆನಿಸ್ ಆಡುವವರೇ ಇನ್ನೊಬ್ಬರಿಲ್ಲ ಎನ್ನುವುದು ಬೇರೆ ಮಾತು.

ಕಾಕಾ ಆಲಮಟ್ಟಿಯಲ್ಲಿ ಕಾಲುವೆಗಳ ನಕ್ಷೆ ಬರೆದು ನಿವೃತ್ತರಾದವರು. ಮದುವೆಯ ಗೋಜಿಗೆ ಹೋಗಲಿಲ್ಲ. ಆಟಕ್ಕಿಂತ ಆಟದ ಹಿಂದಿನ ವ್ಯವಹಾರವೇ ಅವರಿಗೆ ಹೆಚ್ಚು ರುಚಿ. ಯಾವ ಆಟಗಾರ ಯಾವ ಕಂಪನಿ ಬಿಟ್ಟು ಯಾವುದನ್ನು ಹಿಡಿದ ಎಂಬುದನ್ನು ಬೀಗರ ಮನೆಯ ಸುದ್ದಿಯಂತೆ ಹೇಳುತ್ತಾರೆ.

"ತಮ್ಮಾ, ಟೀವ್ಯಾಗ ಕಾಣೂ ಹೊಸಾ ರ‍್ಯಾಕೆಟ್ ಖರೇ ಹೊಸಾದಲ್ಲ. ಆಡಾವ್ಗ ಕೈಗೆ ಹೊಂದಿದ್ದು ಬೇಕು, ಕಂಪನಿಗೆ ಹೊಸಾದು ಮಾರಬೇಕು. ಅದಕ್ಕ ಹಳೇದಕ್ಕ ಹೊಸಾ ಬಣ್ಣ ಹೊಡೀತಾರ!"

ಇದರಲ್ಲೇನು ವಿಶೇಷ? ಮುದಿ ಎತ್ತಿನ ಕೋಡು ಹೆರೆದು, ಬಣ್ಣ ಹಚ್ಚಿ ಸಂತೆಗೆ ತರುವವರನ್ನು ನಾವು ನೋಡಿಲ್ಲವೇ? ಆದರೆ ಕಾಕಾ ಮಾತಿಗೇ ನಿಲ್ಲಲಿಲ್ಲ. ಬಾಗಿಲಿಗೆ ಬಳಿದು ಉಳಿದಿದ್ದ ಹಸಿರು ಬಣ್ಣವನ್ನು ತಮ್ಮ ಹಳೆಯ ರ‍್ಯಾಕೆಟ್ಟಿಗೆ ಹೊಡೆದರು. ಒಣಗುವವರೆಗೆ ಕಾಯುವ ತಾಳ್ಮೆ ಎಲ್ಲಿಂದ ಬರಬೇಕು? ಎರಡು ದಿನ ಅಂಗೈ ಹಸಿರು!

ಗೆದ್ದವರು ರ‍್ಯಾಕೆಟ್ಟನ್ನು ಕಂಪನಿಯ ಗುರುತು ಕ್ಯಾಮೆರಾಕ್ಕೆ ಕಾಣುವಂತೆ ಎತ್ತಿ ಹಿಡಿಯಬೇಕಂತೆ. ಅದನ್ನೂ ರೂಢಿ ಮಾಡಿದರು. ಆಲಮಟ್ಟಿಯ ಟೆನಿಸ್ ಕೋರ್ಟಿನ ಗೋಡೆಗೆ ಚೆಂಡು ಹೊಡೆಯುವುದು, ತಿರುಗಿ ರ‍್ಯಾಕೆಟ್ ಎತ್ತುವುದು. ಅಲ್ಲೇ ಮೇಯುತ್ತಿದ್ದ ಎಮ್ಮೆಯೊಂದು ಬಹಳ ಹೊತ್ತು ನೋಡಿ, ಬಾಲ ಬೀಸಿ ಹೊರಟುಹೋಯಿತು.

ಅಲ್ಲ, ತೋರಿಸಲು ಗುರುತಾದರೂ ಎಲ್ಲಿದೆ? ಕಂಪನಿ ಬೇಕಲ್ಲ! ನನ್ನನ್ನೂ ಎಳೆದುಕೊಂಡು ಬಾಗೇವಾಡಿಯ ಆಟದ ಸಾಮಾನಿನ ಅಂಗಡಿಗೆ ಹೋದರು.

"ಸಾವಕಾರ್ರ, ನಿಮ್ಮ ಅಂಗಡಿ ಹೆಸರು ನನ್ನ ರ‍್ಯಾಕೆಟ್ ಮ್ಯಾಲೆ ಹಾಕ್ಕೊಂಡು ಆಡ್ತೇನಿ. ಕರಾರು ಮಾಡೂಣ್ರಿ."

"ನಾ ಟೆನಿಸ್ ರ‍್ಯಾಕೆಟ್ ಮಾರೂದ ಇಲ್ರಿ ಸಾಹೇಬ್ರ. ಸೊಳ್ಳಿ ಹೊಡಿಯೂ ಬ್ಯಾಟ್ ಅದಾವು, ನಡೀತೈತೇನ್ರಿ?"

"ನಡೀತೈತಿ!" ಎಂದುಬಿಟ್ಟರು ಕಾಕಾ.

ಗುರುತಿಗೆ ಅಚ್ಚು ಬೇಕಾಯಿತು. ಅಡತಿ ಅಂಗಡಿಯವರಿಗೆ ಜೋಳದ ಚೀಲದ ಮೇಲೆ ಒತ್ತಲು ತಗಡಿನ ಅಚ್ಚು ಕತ್ತರಿಸಿಕೊಡುವವನ ಹತ್ತಿರ ಮಾಡಿಸಿದರು. ಅವನು ಚೀಲದ ಅಳತೆಗೇ ಕತ್ತರಿಸಿದ್ದ. ಕಾಕಾ ತೊಡೆಯ ಮೇಲಿಟ್ಟುಕೊಂಡು ಬಣ್ಣ ಒತ್ತಿದಾಗ ಹೆಸರಿನ ಎರಡಕ್ಷರ ರ‍್ಯಾಕೆಟ್ಟಿನ ತಂತಿಗಳ ಮೇಲೆ ಬಂದವು. ಉಳಿದದ್ದು ಕಾಕಾನ ಬಿಳಿ ಪ್ಯಾಂಟಿನ ಮೇಲೆ!

ಕೊನೆಗೆ ಕರಾರಿನ ದಿನ ಬಂತು. ಸ್ಟಾಂಪ್ ಕಾಗದದ ಮೇಲೆ ನಕ್ಷೆ ಬರೆದು ಪಳಗಿದ ಕಾಕಾನ ದುಂಡು ಅಕ್ಷರ. ಸಾಕ್ಷಿ ನಾನು. ಸಹಿ ಹಾಕುವ ಮೊದಲು ಓದಿದೆ. "ಆಟಗಾರನಿಗೆ ಸಂದಾಯ: ಏನೂ ಇಲ್ಲ. ಮಾಲೀಕರು ಪ್ರತಿ ರವಿವಾರ ಮುಂಜಾನೆ ಖುದ್ದಾಗಿ ಆಲಮಟ್ಟಿಯ ಟೆನಿಸ್ ಕೋರ್ಟಿಗೆ ಬಂದು ಗುರುತಿನ ತಪಾಸಣೆ ಮಾಡತಕ್ಕದ್ದು. ಸದರಿ ತಪಾಸಣೆಯನ್ನು ಬಲೆಯ ಆಚೆ ಬದಿಗೆ ನಿಂತು ಮಾಡತಕ್ಕದ್ದು."

ಜೋರಾಗಿ ನಕ್ಕೆ. ಆ ನಗು ಅರ್ಧಕ್ಕೇ ನಿಂತಿತು. ಬಲೆಯ ಆಚೆ ಬದಿಗೆ ಇಪ್ಪತ್ತು ವರ್ಷ ನಿಂತವರು ಕಾಕಾನ ಕಚೇರಿಯ ಗೆಳೆಯರೊಬ್ಬರು. ಹೋದ ವರ್ಷ ತೀರಿಕೊಂಡರು. ಅಂದಿನಿಂದ ಕಾಕಾನ ಜೊತೆ ಯಾರೂ ಆಡಿಲ್ಲ. ನಾನು? ತಿಂಗಳಿಗೆರಡು ಸಲ ಸಿಂದಗಿಯಿಂದ ಬಂದು, ಕಟ್ಟೆಯ ಮೇಲೆ ಕುಳಿತು ಅವರ ಚಹಾ ಕುಡಿದು, ಅವರ ಕತೆ ಹೇಳಿ ಊರೆಲ್ಲ ನಗಿಸಿದವನು. ಒಂದು ಸಲವೂ ಆಚೆ ಬದಿಗೆ ಹೋಗಿ ನಿಂತಿರಲಿಲ್ಲ. ನನಗೆ ನಾಚಿಕೆಯಾಯಿತು.

ಸಾವಕಾರರು ಆ ಸಾಲನ್ನು ಎರಡು ಸಲ ಓದಿ ಕನ್ನಡಕ ತೆಗೆದರು.

"ಸಾಹೇಬ್ರ, ಬರೇ ನಿಂದರಬೇಕೋ, ಚೆಂಡು ತಿರುಗಿ ಹೊಡೀಬೇಕೋ?"

ಲೋಕದ ಕರಾರುಗಳೆಲ್ಲ ಬಾಯಿಪಾಠವಿದ್ದ ಕಾಕಾ ತಾವೇ ಬರೆದ ಸಾಲನ್ನು ಬಗ್ಗಿ ನೋಡಿದರು.

"ಹೊಡದ್ರ..." ಎಂದರು. ಪೆನ್ನಿನ ಮುಚ್ಚಳ ತೆಗೆದು ಸಾವಕಾರರ ಮುಂದೆ ಹಿಡಿದರು. "ಹೊಡದ್ರ ಭಾಳ ಛಲೋ ಆಕ್ಕೈತ್ರಿ."