ಸ್ವಾಯತ್ತ ಕೋಣೆಯ ಚಿಲಕ

"ಇವತ್ತಿನಿಂದ ಈ ಮನೇಲಿ ನಿನಗೆ ಸಂಪೂರ್ಣ ಸ್ವಾಯತ್ತತೆ!"

ನಿವೃತ್ತ ಹಾಸ್ಟೆಲ್ ವಾರ್ಡನ್ನರು ಕಾಫಿ ಲೋಟವನ್ನು ಮೇಜಿನ ಮೇಲೆ ಕುಟ್ಟಿ, ಹೆಂಡತಿಗೆ ಘೋಷಿಸಿದರು. ಆ ಮಧ್ಯಾಹ್ನ ನಿವೃತ್ತರ ಸಂಘದಲ್ಲಿ ಅವರದು ಇದೇ ಪದದ ಮೇಲೆ ಭಾಷಣ. ನಿಘಂಟು ತೆಗೆದು ನೋಡಿದ್ದರು: ತನ್ನ ಆಡಳಿತವನ್ನು ತಾನೇ ನಡೆಸಿಕೊಳ್ಳುವ ಸ್ಥಿತಿ. ಕಾಲೇಜಿಗೆ ಅದನ್ನು ಕೊಡುತ್ತಾರೆ, ಮಂಡಳಿಗೆ ಕೊಡುತ್ತಾರೆ, ಪ್ರಾಂತ್ಯಗಳಿಗೂ ಕೊಡುತ್ತಾರೆ. ಹೆಂಡತಿಗೆ ಕೊಟ್ಟ ಮಹಾನುಭಾವ ಮಾತ್ರ ಭೂಮಂಡಲದಲ್ಲಿ ತಾವೊಬ್ಬರೇ!

"ಅಷ್ಟೆಲ್ಲ ಬೇಡ ರೀ. ಹಿಂದಿನ ಕೋಣೆಗೊಂದು ಚಿಲಕ ಸಾಕು," ಎಂದರು ಹೆಂಡತಿ. "ಮೂರು ಗಂಟೆಗೆ ಹೋಗಿ ಹೊಲಿಗೆ ಶಾಲೆಯವರಿಗೆ ಮಾದರಿ ಫ್ರಾಕು ತೋರಿಸ್ಬೇಕು. ಇವತ್ತೇ ಟೀಚರನ್ನ ಆರಿಸ್ತಾರೆ. ನಾನು ಮಷಿನ್ ಮುಂದೆ ಕೂತರೆ ಸಾಕು, 'ಇವಳೇ, ಕನ್ನಡಕ ಎಲ್ಲಿ, ಇವಳೇ, ಟವೆಲ್ ಎಲ್ಲಿ' ಅಂತ ನುಗ್ತೀರಿ."

"ಮಂಜೂರು!"

"ಬಡಗೀನ ಕರೀರಿ."

"ಬಡಗಿಯೇ? ಹಾಸ್ಟೆಲಿನಲ್ಲಿ ನಾನು ಹಾಕಿದ ಚಿಲಕಗಳ ಮುಂದೆ ಯಾವ ಬಡಗಿ ನಿಲ್ತಾನೆ?"

ಅದಂತೂ ನಿಜ. ಹುಡುಗರು ರಾತ್ರಿ ಗೋಡೆ ಹಾರದ ಹಾಗೆ, ಸಾಲು ಸಾಲು ಕೋಣೆಗಳಿಗೆ ಅವರೇ ಚಿಲಕ ಬಡಿದಿದ್ದರು. ಗೇಟಿಗೆ ಫಲಕವನ್ನೂ ಸ್ವಹಸ್ತದಿಂದ ಬರೆದು ತೂಗಿಹಾಕಿದ್ದರು: 'ಈ ವೇಳೆಯಲ್ಲಿ ಸಂದರ್ಶಕರಿಗೆ ಪ್ರವೇಶವಿಲ್ಲ.'

ಸುತ್ತಿಗೆ ಎರಡು ಸಲ ಮೊಳೆಗೆ, ಒಂದು ಸಲ ಹೆಬ್ಬೆರಳಿಗೆ ಬಿತ್ತು. ಆದರೂ ಚಿಲಕ ಕೂತಿತು. ಅವಸರದಲ್ಲಿದ್ದ ಹೆಂಡತಿ ಅತ್ತ ನೋಡದೆಯೇ ಒಳಹೊಕ್ಕು ಬಾಗಿಲು ಮುಂದೆ ಮಾಡಿಕೊಂಡರು. ಮಷಿನ್ ಗರಗರ ಎಂದಿತು. ವಾರ್ಡನ್ನರು ತಮ್ಮ ಕೈಯಾರೆ ಚಿಲಕ ಜಾರಿಸಿ, "ಇನ್ನು ಒಂದು ನರಪಿಳ್ಳೆಯೂ ಒಳಗೆ ಬರೋ ಹಾಗಿಲ್ಲ!" ಎಂದು ಸಾರಿ, ಮುಂಬಾಗಿಲಿಗೂ ಬೀಗ ಹಾಕಿ ಸಂಘಕ್ಕೆ ಹೊರಟರು.

ಭಾಷಣ ಗಂಗೆಯಂತೆ ಹರಿಯಿತು. ಚಪ್ಪಾಳೆ! ಇನ್ನೊಂದು ಸುತ್ತು ಭಾಷಣ. ಮತ್ತೆ ಚಪ್ಪಾಳೆ! ಕೊನೆಗೆ, ಸಂಘದಲ್ಲಿ ಎಲ್ಲರೂ 'ಚೇಳು' ಎಂದು ಕರೆಯುವ ಮುದುಕರೊಬ್ಬರು ಕೈ ಎತ್ತಿದರು.

"ಇದೆಲ್ಲ ಬಾಯಿಮಾತೋ, ಮನೇಲೂ ಉಂಟೋ?"

"ಬೆಳಿಗ್ಗೆಯೇ ಜಾರಿ! ಆಕೆಯ ಕೋಣೆಗೆ ನಾನೇ ಚಿಲಕ ಹಾಕಿ ಬಂದಿದೀನಿ."

"ನೀವು ಹಾಕಿ ಬಂದ್ರಾ? ಎಲ್ಲಿಂದ, ಒಳಗಿಂದಲೋ ಹೊರಗಿಂದಲೋ?"

"ಹೊರಗಿಂದ! ಚಿಲಕ ಒಳಗಿದ್ರೆ ವಾರ್ಡನ್ ತೆಗೆಯೋದು ಹೇಗೆ?"

ಸಭೆ ಹೊಟ್ಟೆ ಹಿಡಿದು ನಕ್ಕಿತು. ವಾರ್ಡನ್ನರೂ ನಗಲು ಬಾಯಿ ತೆರೆದರು. ತೆರೆದದ್ದು ಹಾಗೆಯೇ ನಿಂತಿತು. ಗಡಿಯಾರದಲ್ಲಿ ನಾಲ್ಕೂವರೆ.

ಓಡಿದರು. ಒಂದು ಚಪ್ಪಲಿ ದಾರಿಯಲ್ಲೇ ರಾಜೀನಾಮೆ ಕೊಟ್ಟಿತು. ಚಿಲಕ ತೆಗೆದಾಗ, ಹೆಂಡತಿ ಬಾಗಿಲಿಗೆ ಎದುರಾಗಿ ಸ್ಟೂಲಿನ ಮೇಲೆ ಕೂತಿದ್ದರು. ತಲೆ ಬಾಚಿಕೊಂಡಾಗಿತ್ತು. ಹೆಗಲಿಗೆ ಚೀಲ, ಚೀಲದಲ್ಲಿ ಇಸ್ತ್ರಿ ಮಾಡಿ ಮಡಿಸಿದ ಹಳದಿ ಫ್ರಾಕು.

"ಕೂಗಬಾರದಿತ್ತೇ?"

"ಗಂಟಲು ಹರಿಯೋ ಹಾಗೆ ಕೂಗಿದೆ. ಕಿಟಕಿ ಆಚೆ ಗೋದಾಮಿನ ಗೋಡೆ. ಅದು ಕೇಳಿಸ್ಕೊಳ್ತು."

"ಚಿಲಕದ ಸದ್ದು ಕೇಳಿಸಲಿಲ್ವೇ?"

"ಕೇಳಿಸ್ತು. ಸರಿಯಾಗಿ ಕೂತಿದೆಯಾ ಅಂತ ನೋಡ್ತಿದೀರಿ ಅಂದ್ಕೊಂಡೆ."

"ಫೋನು?"

"ಅಡುಗೆಮನೇಲಿತ್ತು. ಮೂರೂಕಾಲಿಗೆ ಹೊಡ್ಕೊಂಡಿತು. ಮತ್ತೊಂದು ಸಲ ಹೊಡ್ಕೊಂಡಿತು. ಆಮೇಲೆ ಸುಮ್ಮನಾಯಿತು."

"ನಾಳೆ ನಾನೇ ಹೋಗಿ ಅವರ ಹತ್ತಿರ ಮಾತಾಡ್ತೀನಿ."

"ನೀವು ಮಾತಾಡಿದ್ದು ಸಾಕು. ಬೇರೆಯವರನ್ನ ತಗೊಂಡಾಯ್ತಂತೆ, ಈಗ ಮೆಸೇಜು ನೋಡಿದೆ," ಎನ್ನುತ್ತ ಹೆಂಡತಿ ಅಡುಗೆಮನೆಯಿಂದ ಫೋನಿನ ಜೊತೆಗೆ ಇಕ್ಕಳವನ್ನೂ ಹಿಡಿದು ಬಂದರು. ಚಿಲಕ ಕಿತ್ತರು. ಮೊಳೆಗಳನ್ನು ನೇರ ಮಾಡಿ, ಒಳಬದಿಗೆ ಬಡಿದರು. ಒಂದು ಏಟೂ ಬೆರಳಿಗೆ ಬೀಳಲಿಲ್ಲ. ಬಾಗಿಲು ಮುಚ್ಚಿತು. ಟಕ್!

ದೀಪ ಹಚ್ಚುವ ಹೊತ್ತಾಯಿತು. ವಾರ್ಡನ್ನರು ಮೆಲ್ಲಗೆ ಬಾಗಿಲು ತಟ್ಟಿದರು.

"ಇವಳೇ... ಒಂದು ಮಾತು ಹೇಳ್ಬೇಕಿತ್ತು. ತಪ್ಪಾಯ್ತು ಅಂತ."

ಮಷಿನ್ ನಿಂತಿತು.

"ಈ ವೇಳೆಯಲ್ಲಿ ಸಂದರ್ಶಕರಿಗೆ ಪ್ರವೇಶವಿಲ್ಲ!"

ಮಷಿನ್ ಮತ್ತೆ ಹೊರಟಿತು. ಜೀವಮಾನವೆಲ್ಲ ಆ ಫಲಕ ತೂಗಿಹಾಕಿದ ವಾರ್ಡನ್ನರಿಗೆ, ಅದನ್ನು ಓದಿದವರು ಆಮೇಲೆ ಏನು ಮಾಡುತ್ತಿದ್ದರೆಂದು ಯೋಚಿಸುವ ಪ್ರಸಂಗವೇ ಬಂದಿರಲಿಲ್ಲ. ಈಗ ನೆನಪಾಯಿತು. ಗೇಟಿನ ಪಕ್ಕದಲ್ಲಿ, ನೆಲದ ಮೇಲೆ ಕೂರುತ್ತಿದ್ದರು.

ಅವರೂ ಕೂತರು.